ಕ್ರೇನಿನ ಸೀಲ್ ಒಡೆದವಳು

ಲೋಕಯ್ಯ, ಕ್ರೇನಿನ ಸೀಲ್ ಒಡೆದವಳು ನಾನು. ನೀನಲ್ಲ.

ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಆಮೇಲೆ ಬರೆದರಾಯಿತು ಎಂದು ಬಿಟ್ಟರೆ ಬರೆಯುವುದೇ ಇಲ್ಲ — ಹನ್ನೊಂದು ವರ್ಷ ಹಾಗೇ ಹೋಯಿತು. ನನ್ನ ಓದು ಮೂರನೇ ಕ್ಲಾಸು. ಮರದ ಪಾಸು, ಲಾರಿಯ ಪರ್ಮಿಟ್ಟು ಓದುವುದಕ್ಕೆ ಎಷ್ಟು ಅಕ್ಷರ ಬೇಕೋ ಅಷ್ಟನ್ನು ಆಮೇಲೆ ಕಲಿತೆ. ಅಷ್ಟರಲ್ಲೇ ಬರೆಯುತ್ತಿದ್ದೇನೆ. ನಿನಗೆ ಅದೂ ಬಾರದು. ಯಾರಾದರೂ ಓದಿ ಹೇಳಬೇಕು. ಕೇಳುವ ಬೇರೆಯವರಿಗೂ ತಲೆಬುಡ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೂ ಸೇರಿಸುತ್ತೇನೆ. ತಾಳ್ಮೆಯಿಂದ ಕೇಳು.

ಗಂಡ ತೀರಿಕೊಂಡ ಮೇಲೆ ಲಾರಿ ನನ್ನ ಕೈಗೆ ಬಂತು. ಬಣಕಲ್ ಸುತ್ತಿನ ಕಾಫಿ ಎಸ್ಟೇಟುಗಳಲ್ಲಿ ನೆರಳಿಗೆ ಬೆಳೆಸಿ ಕಡಿದ ಸಿಲ್ವರ್ ಮರದ ದಿಮ್ಮಿ ಸಾಗಿಸುವ ಲಾರಿ. ಆಗ ದಿಮ್ಮಿ ಹೇರುವುದೆಂದರೆ ಏಳು ಜನರ ಕೆಲಸ. ಲಾರಿಗೆ ಎರಡು ಮರ ಓರೆ ಕೊಟ್ಟು, ದಿಮ್ಮಿಗೆ ಹಗ್ಗ ಸುತ್ತಿ, ಕೂಗು ಹಾಕಿ ಉರುಳಿಸಿ ಮೇಲೆ ತರುತ್ತಿದ್ದಿರಿ. ಆ ಏಳು ಜನರಿಗೆ ನೀನು ಮೇಸ್ತ್ರಿ. ಹಗ್ಗ ಹಾಕುವ ಮೊದಲು ನೀನು ಕತ್ತಿಯ ಬೆನ್ನಿನಿಂದ ದಿಮ್ಮಿಯನ್ನು ಎರಡು ಕಡೆ ತಟ್ಟಿ ಕಿವಿ ಕೊಡುತ್ತಿದ್ದೆ. ಇದು ಒಣಗಿದೆ, ಇದು ನೀರು ಕುಡಿದಿದೆ, ಇದಕ್ಕೆ ಇನ್ನಿಬ್ಬರು ಬೇಕು ಎನ್ನುತ್ತಿದ್ದೆ. ನೀನು ಹೇಳಿದ್ದು ತಪ್ಪಿದ್ದನ್ನು ನಾನು ಕಾಣೆ.

ನಂತರ ನಾನು ಲಾರಿಗೆ ಸಣ್ಣ ಕ್ರೇನ್ ಹಾಕಿಸಿದೆ. ನಮ್ಮ ಕಡೆ ಅದೇ ಮೊದಲು. ಹಾಸನದ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಲಾರಿ ಆರು ದಿನ ನಿಂತಿತ್ತು. ನಾನೂ ಅಲ್ಲೇ ಒಂದು ಡ್ರಮ್ಮಿನ ಮೇಲೆ ಕುಳಿತು ನೋಡಿದೆ — ನನ್ನ ಲಾರಿಯನ್ನು ಪರರ ಕೈಗೆ ಬಿಟ್ಟು ಬರುವವಳಲ್ಲ ನಾನು. ಮರದ ಬಾಡಿಯನ್ನು ಎರಡಡಿ ಕುಯ್ದರು. ಚಾಸಿಗೆ ಪಟ್ಟಿ ಕೊಟ್ಟು ಗಟ್ಟಿ ಮಾಡಿದರು. ಕ್ಯಾಬಿನ್ನಿನ ಬೆನ್ನಿಗೆ ಕ್ರೇನ್ ನಿಲ್ಲಿಸಿ, ನೆಲಕ್ಕೆ ಊರುವುದಕ್ಕೆ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಕಾಲು ಇಟ್ಟರು. ಗೇರ್ ಬಾಕ್ಸಿನಿಂದ ಕ್ರೇನಿನ ಎಣ್ಣೆ ಪಂಪಿಗೆ ಓಟ ಕೊಟ್ಟರು. ಕೊನೆಗೆ ಒಂದು ದಪ್ಪ ಸ್ಕ್ರೂ ತಿರುಗಿಸಿ ಅಳತೆಗೆ ನಿಲ್ಲಿಸಿ, ಅದಕ್ಕೆ ತಂತಿ ಪೋಣಿಸಿ, ತಂತಿಗೆ ಸೀಸದ ಗುಂಡು ಒತ್ತಿ ಸೀಲ್ ಮಾಡಿದರು. ಫಿಟ್ಟರ್ ನನ್ನನ್ನು ಹತ್ತಿರ ಕರೆದು ತೋರಿಸಿದ.

'ಅಮ್ಮಾ, ಇದು ಇದರ ನಾಲಗೆ. ಭಾರ ಜಾಸ್ತಿ ಆದ್ರೆ ಸಾಕು ಅಂತ ಹೇಳೋದು ಇದೊಂದೇ. ಇದನ್ನ ಮಾತ್ರ ಮುಟ್ಟಬೇಡಿ.'

ಅಂದರೆ, ಅಳತೆ ಮೀರಿದ ಭಾರ ಬಿದ್ದರೆ ಕ್ರೇನ್ ಗುಂಯ್ ಎಂದು ನಿಂತುಬಿಡುತ್ತದೆ, ಎತ್ತುವುದಿಲ್ಲ. ಊರಿಗೆ ಬಂದು ನಿನಗೆ ಅಷ್ಟನ್ನೇ ಹೇಳಿದೆ: ಆಗದ ಭಾರವಾದರೆ ಅದೇ ನಿಲ್ಲುತ್ತದೆ, ಹೆದರಬೇಡ. ಸ್ಕ್ರೂ ವಿಷಯ ಹೇಳಲಿಲ್ಲ. ಆಗ ಅದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಮರೆತೆ.

ಏಳು ಜನರಲ್ಲಿ ಆರು ಜನ ಕೆಲಸ ಬಿಟ್ಟರು. ಬಿಟ್ಟರು ಎಂದು ಬರೆಯುವುದು ಸುಳ್ಳು — ನಾನು ಬಿಡಿಸಿದೆ. ನಿನ್ನೊಬ್ಬನನ್ನು ಕ್ರೇನಿಗೆ ಇಟ್ಟುಕೊಂಡೆ. ಅವರು ನನ್ನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ಹಾಕಿದರು. ಟೀ ಅಂಗಡಿಯಲ್ಲಿ ನೀನು ಬಂದರೆ ಬೆಂಚು ಖಾಲಿ ಮಾಡಿ ಎದ್ದು ಹೋಗುತ್ತಿದ್ದರು. ಅದು ನನಗೆ ಗೊತ್ತಿತ್ತು.

ಮಳೆ ಹಿಡಿಯಿತು. ಸಿಲ್ವರ್ ಮರ ನೀರು ಕುಡಿದು ಭಾರವಾಯಿತು, ಕ್ರೇನ್ ದಿನಕ್ಕೆ ನಾಲ್ಕು ಸಲ ಗುಂಯ್ ಎಂದು ನಿಲ್ಲತೊಡಗಿತು. ಕಳಸದ ದಾರಿಯ ಒಂದು ಎಸ್ಟೇಟಿನಲ್ಲಂತೂ ಬುಡದ ತುಂಡು ಮೂರು ಸಲ ಪ್ರಯತ್ನಿಸಿದರೂ ಮೊಳದೆತ್ತರ ಏಳಲಿಲ್ಲ. ಕೂಲಿಯವರೆಲ್ಲ ಬುಟ್ಟಿ ಇಳಿಸಿ ನೋಡುತ್ತಿದ್ದರು. ಅಲ್ಲಿನ ಲೆಕ್ಕ ಬರೆಯುವ ರೈಟರ್ ಕೊಡೆಯ ಕೆಳಗಿನಿಂದ ಕೇಳಿದ, 'ಏನ್ ಗೌರಕ್ಕ, ನಿಮ್ ಕ್ರೇನ್ ಬಾಣಂತಿಯಾ? ಭಾರ ಎತ್ತಬಾರ್ದು ಅಂತ ಯಾರಾದ್ರೂ ಹೇಳಿದಾರಾ?'

ಎಲ್ಲರೂ ನಕ್ಕರು. ನೀನೂ ನಕ್ಕೆ, ಲೋಕಯ್ಯ. ಬಾಯಿಗೆ ಟವಲು ಒತ್ತಿಕೊಂಡೆ, ಆದರೂ ನಾನು ನೋಡಿದೆ. ಕೊನೆಗೆ ಆ ತುಂಡಿಗೆ ಹಳೆಯ ಆರು ಜನರನ್ನೇ ಕರೆಸಬೇಕಾಯಿತು. ಅವರು ಬೇಕೆಂದೇ ಗಟ್ಟಿಯಾಗಿ ಕೂಗು ಹಾಕಿ ಹೇರಿದರು. ನನಗೆ ಮೈಯೆಲ್ಲ ಉರಿಯಿತು.

ಇಲ್ಲೇ ಹೇಳಿಬಿಡುತ್ತೇನೆ — ನನಗೆ ಊಟಕ್ಕೆ ಕೊರತೆ ಇರಲಿಲ್ಲ. ಲಾರಿ ನಿಂತರೂ ಬದುಕುತ್ತಿದ್ದೆ. ಆ ನಗುವೊಂದೇ ಕಾರಣ.

ಮಾರನೆಯ ದಿನ ಮಧ್ಯಾಹ್ನ ನೀನು ಊಟಕ್ಕೆ ಹೋದಾಗ ಟೂಲ್ ಬಾಕ್ಸ್ ತೆಗೆದೆ. ಕಾಫಿ ಗಿಡದ ಚಿಗುರು ತೆಗೆಯುವ ಕತ್ತರಿಯಿಂದ ತಂತಿ ಕತ್ತರಿಸಿದೆ. ಸೀಸದ ಗುಂಡು ಕೆಸರಿಗೆ ಬಿತ್ತು, ಕಾಲಿನಿಂದ ಒತ್ತಿದೆ. ಸ್ಕ್ರೂವನ್ನು ಎರಡು ಸುತ್ತು ಬಿಗಿ ಮಾಡಿದೆ. ಉಪ್ಪಿನಕಾಯಿ ಭರಣಿ ಮುಚ್ಚಿದಷ್ಟು ಹೊತ್ತೂ ಆಗಲಿಲ್ಲ. ಆಮೇಲೆ ಗ್ರೀಸ್ ಮೆತ್ತಿದೆ, ಹೊಸ ಗುರುತು ಕಾಣದ ಹಾಗೆ.

ಆ ದಿನದಿಂದ ಕ್ರೇನ್ ನಿಲ್ಲಲಿಲ್ಲ. ಎಂಥ ತುಂಡಾದರೂ ಎತ್ತಿತು. ನಿನಗೆ ಎಷ್ಟು ಖುಷಿ! ಕೈ ಪಳಗಿತು, ಲಿವರನ್ನು ನಿಧಾನ ಎಳೆಯಬೇಕು, ಅದೇ ಗುಟ್ಟು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಾನು ಹೌದು ಹೌದು ಎಂದೆ.

ಇನ್ನೊಂದು ಇದೆ. ಇದು ನಿನಗೆ ಈವರೆಗೂ ಗೊತ್ತಿಲ್ಲ. ಭಾರ ಎತ್ತುವಾಗ ನೀನು ದಿಮ್ಮಿ ಇರುವ ಕಡೆಗೇ ನಿಂತು ಲಿವರ್ ಹಿಡಿಯುತ್ತಿದ್ದೆ, ಕೆಳಗಿನ ತುಂಡು ಕಾಣಲಿ ಎಂದು. ನಾನು ಆಚೆ ಕಡೆ ಕಲ್ಲಿನ ಮೇಲೆ ಕುಳಿತಿರುತ್ತಿದ್ದೆ. ಎರಡು ಸಲ — ಅಲ್ಲ, ಮೂರು ಸಲ — ನನ್ನ ಕಡೆಯ ಕಬ್ಬಿಣದ ಕಾಲು ನೆಲ ಬಿಟ್ಟು ಒಂದು ಬೆರಳಿನಷ್ಟು ಎದ್ದದ್ದನ್ನು ನೋಡಿದೆ. ಲಾರಿ ನಿನ್ನ ಕಡೆಗೆ ವಾಲುತ್ತಿತ್ತು. ನೀನು ನಿಂತ ಜಾಗಕ್ಕೆ ಅದು ಕಾಣುವುದಿಲ್ಲ. ನನಗೆ ಕಾಣುತ್ತಿತ್ತು. ಭಾರ ಮೇಲೆ ಬಂದ ಕೂಡಲೇ ಕಾಲು ಮತ್ತೆ ನೆಲಕ್ಕೆ ಕೂರುತ್ತಿತ್ತು. ಕೂತಿತಲ್ಲ ಎಂದುಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದೆ.

ಆ ದಿನ. ಬಣಕಲ್ಲಿನ ಮೇಲಿನ ಎಸ್ಟೇಟು, ತೋಟದ ಒಳಗಿನ ಮಣ್ಣುರಸ್ತೆ, ಕೆಳಗೆ ಇಳಿಜಾರಿನಲ್ಲಿ ಬುಡದ ತುಂಡು. ಮಳೆ ಬಿಟ್ಟಿತ್ತು, ಮಣ್ಣು ಮೆತ್ತಗಿತ್ತು. ನೀನು ಕಬ್ಬಿಣದ ಕಾಲುಗಳ ಕೆಳಗೆ ಹಲಗೆ ಕೊಟ್ಟೆ. ಕೆಳಗಿಳಿದು ಹಳೆಯ ಅಭ್ಯಾಸದ ಹಾಗೆ ಕತ್ತಿಯ ಬೆನ್ನಿನಿಂದ ತಟ್ಟಿದೆ. ಒಂದು ಸಲ ಅಲ್ಲ, ನಾಲ್ಕು ಕಡೆ ತಟ್ಟಿದೆ. ಮೇಲೆ ಬಂದು ಹೇಳಿದೆ, 'ಅಮ್ಮ, ಇದು ಸಿಕ್ಕಾಪಟ್ಟೆ ನೀರು ಕುಡಿದದೆ. ಎರಡು ತುಂಡು ಮಾಡಿಸುವ.'

ತುಂಡು ಮಾಡಿಸಿದರೆ ಮತ್ತೆ ಗರಗಸದವರನ್ನು ಕರೆಸಬೇಕು. ಕಾಯಬೇಕು. ಇಲ್ಲಿನ ರೈಟರ್ ಕೂಡ ಬಾಣಂತಿ ಎನ್ನುತ್ತಾನೆ. ನಾನು ಹೇಳಿದ್ದು ಇಷ್ಟು —

'ಎತ್ತಿ ನೋಡು. ಆಗ್ದಿದ್ರೆ ಅದೇ ನಿಲ್ತದಲ್ಲ.'

ಅದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

'ಅದೂ ಸರಿ' ಎಂದು ನೀನು ಲಿವರ್ ಹಿಡಿದೆ.

ದಿಮ್ಮಿ ಎದ್ದಿತು. ನನ್ನ ಕಡೆಯ ಕಾಲು ಹಲಗೆ ಬಿಟ್ಟಿತು — ಒಂದು ಬೆರಳು, ಒಂದು ಗೇಣು. ಆಗಲಾದರೂ ಕೂಗಬಹುದಿತ್ತು. ಬಾಯಿ ತೆರೆದೆ. ಲೋಕಯ್ಯ ಎನ್ನುವುದರೊಳಗೆ ನಿನ್ನ ಕಡೆಯ ಮಣ್ಣು ಕುಸಿದು ಲಾರಿ ಮಗುಚಿತು. ನೀನು ಹಾರಿದೆ. ಒಂದು ಕಾಲು ಹಾರಲಿಲ್ಲ.

ರೈಟರ್ ಮೊದಲು ಕೂಗಿದ್ದು ಕಾಫಿ ಗಿಡ ಮುರಿಯಿತೆಂದು. ಆಮೇಲೆ ನಿನ್ನನ್ನು ನೋಡಿ ಜೀಪು ತರಿಸಲು ಓಡಿದ.

ಜಾಕ್ ಕೊಟ್ಟು ನಿನ್ನನ್ನು ಎಳೆದು ಎಸ್ಟೇಟಿನ ಜೀಪಿಗೆ ಹಾಕಿದರು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ. ನೀನು ಪ್ರಜ್ಞೆಯಲ್ಲಿದ್ದೆ. 'ಅಮ್ಮ ಬರ್ಲಿ' ಎಂದೆ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಲಾರಿ ಹತ್ತಿರ ಯಾರಾದರೂ ಇರಬೇಕಲ್ಲ ಎಂದೆ. ಜೀಪು ಹೊರಟಿತು.

ಉಳಿದವರು ರಸ್ತೆಗೆ ಜನ ಕರೆಯಲು ಹೋದರು. ಮಗುಚಿದ ಲಾರಿಯ ಪಕ್ಕ ನಾನೊಬ್ಬಳೇ. ಇಂಜಿನ್ನಿನ ಬಿಸಿ ಇನ್ನೂ ಇತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಣ್ಣಿನಲ್ಲಿ ಅಂಗಾತ ಮಲಗಿ ಕೈ ತೂರಿಸಿ ಆ ಸ್ಕ್ರೂವನ್ನು ಹುಡುಕಿ, ಎರಡು ಸುತ್ತು ಸಡಿಲಿಸಿದೆ. ಎಣಿಸಿ ಸಡಿಲಿಸಿದೆ. ನಿನ್ನ ಚಪ್ಪಲಿ ನನ್ನ ತಲೆಯ ಪಕ್ಕದಲ್ಲೇ ಬಿದ್ದಿತ್ತು.

ನಾನು ನಿನ್ನ ಜೊತೆ ಬರದೆ ಉಳಿದದ್ದು ಅದಕ್ಕೆ.

ಆದರೆ ಒಡೆದ ಸೀಲನ್ನು ಕೂಡಿಸುವುದು ಹೇಗೆ? ಲಾರಿಯನ್ನು ಎತ್ತಿಸಿ ನನ್ನ ಅಂಗಳಕ್ಕೆ ಎಳೆಸಿದ್ದೆ; ನಾಲ್ಕನೇ ದಿನ ಅದರ ಪರೀಕ್ಷೆಗೆ ಬಂದ ಮನುಷ್ಯ ಗ್ರೀಸ್ ಒರೆಸಿ ನೋಡಿದ. ತಂತಿ ಇಲ್ಲ, ಗುಂಡು ಇಲ್ಲ. ಅಂಗಳ ತುಂಬ ಜನ, ನಿನ್ನ ಹಳೆಯ ಆರು ಜನರೂ ಇದ್ದರು. ಸೀಲ್ ಯಾರು ಒಡೆದದ್ದು ಎಂದು ಅವನು ಕೇಳಿದ.

'ಕ್ರೇನ್ ಅವನ ಕೈಲಿ ಇದ್ದದ್ದು. ನಂಗೆ ಹೆಂಗಸಿಗೆ ಇದೆಲ್ಲ ಏನು ಗೊತ್ತು?'

ಆರು ದಿನ ಡ್ರಮ್ಮಿನ ಮೇಲೆ ಕುಳಿತು ನೋಡಿದವಳು ಹೇಳಿದ ಮಾತು ಇದು. ನಿನ್ನ ಹೆಸರನ್ನೂ ಹೇಳಲಿಲ್ಲ, ನೋಡು. ಅಷ್ಟೇ ಸಾಕಾಯಿತು. ಆ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಅನ್ನ ತೆಗೆದದ್ದು ಸಾಲದೆ ದೊಡ್ಡ ತುಂಡು ಎತ್ತಿ ಮೆರೆಯೋಕೆ ಹೋದ ಎಂದು ಒಬ್ಬ ಅಂದ. ಸಂಜೆಗೆ ಅದು ಊರ ಮಾತಾಯಿತು.

ತೊಡೆಯಿಂದ ಕೆಳಗೆ ಕಾಲು ತೆಗೆದ ಮೇಲೆ ನೀನು ಬಂದೆ. ನಿನ್ನ ಹೆಂಡತಿ ಜಲಜಳ ಹೆಗಲು ಹಿಡಿದುಕೊಂಡು ನಮ್ಮ ಮೆಟ್ಟಿಲವರೆಗೆ ಬಂದು, 'ಅಮ್ಮ, ಯಾರು ನಂಬದಿದ್ರೂ ಬೇಡ, ನೀವೊಬ್ರು ಹೇಳಿ. ನಾನು ಅದನ್ನ ಮುಟ್ಟಿಲ್ಲ' ಎಂದೆ. ನಾನು, ಆದದ್ದು ಆಯಿತು, ಈಗ ಯಾಕೆ ಅದು, ಕಾಫಿ ಕುಡಿ ಎಂದೆ. ಜಲಜ ಲೋಟ ಮುಟ್ಟಲಿಲ್ಲ. ಅವಳಿಗೆ ಸಂಶಯ ಇತ್ತೆಂದು ಈಗಲೂ ಅನ್ನಿಸುತ್ತದೆ. ಅವಳು ಅದೇ ಸಂಶಯದಲ್ಲೇ ಸತ್ತಳು. ಅವಳಿಗೆ ಹೇಳುವ ಅವಕಾಶ ಮುಗಿಯಿತು.

ಕ್ರೇನ್ ಬಿಚ್ಚಿಸಿದೆ, ಲಾರಿ ಮಾರಿದೆ. ನೀನು ಟೀ ಅಂಗಡಿಯ ಜಗುಲಿಯಲ್ಲಿ ಕುಳಿತು ಗರಗಸಕ್ಕೆ ಅರ ಹಾಕತೊಡಗಿದೆ. ಎರಡು ಮೂರು ವರ್ಷದ ಮೇಲೆ ಒಮ್ಮೆ, ನಾನು ಕತ್ತಿ ಮಸೆಸಲು ಬಂದಾಗ, ನೀನು ತಲೆ ಎತ್ತದೆ ಹೇಳಿದೆ — ಗ್ರೀಸ್ ಹಚ್ಚುವಾಗ ನನ್ನ ಕೈಯೇ ತಾಗಿ ತಂತಿ ಹೋಗಿರಬಹುದೋ ಏನೋ ಅಮ್ಮ, ನೆನಪಾಗುವುದಿಲ್ಲ ಎಂದು. ನಾನು ಕತ್ತಿ ತೆಗೆದುಕೊಂಡು ಮನೆಗೆ ಬಂದೆ. ಆ ಕತ್ತಿಯಿಂದಲೇ ಮೀನು ಕೊಯ್ದೆ, ಊಟ ಮಾಡಿದೆ, ನಿದ್ದೆಯೂ ಬಂತು. ಬರಲಿಲ್ಲ ಎಂದು ಸುಳ್ಳು ಬರೆಯುವುದಿಲ್ಲ.

ಹಾಗಾದರೆ ಈಗ ಯಾಕೆ? ಹೋದ ವಾರದ ಕಾರಣಕ್ಕೆ. ಈಗ ಮೂಡಿಗೆರೆಯಲ್ಲಿ ನಾಲ್ಕೈದು ಲಾರಿಗೆ ಇಂಥ ಕ್ರೇನ್ ಇದೆ. ನಾನು ಟೀ ಅಂಗಡಿಯ ಪಕ್ಕ ಬಸ್ಸಿಗೆ ನಿಂತಿದ್ದೆ, ನಿನ್ನ ಬೆನ್ನ ಹಿಂದೆ, ನಿನಗೆ ಕಾಣಲಿಲ್ಲ. ಹೊಸ ಕ್ರೇನಿನ ಡ್ರೈವರ್ ಒಬ್ಬ ಟೀ ಕುಡಿಯುತ್ತಿದ್ದ. ನೀನು ಅರ ಕೆಳಗಿಟ್ಟು, ಕಾಲಿಲ್ಲದ ಕಡೆಯ ಪಂಚೆ ಎತ್ತಿ ತೋರಿಸಿ ಹೇಳಿದೆ —

'ಸೀಲ್ ಒಂದು ಒಡೀಬೇಡ ಮಾರಾಯ. ನಾನು ಒಡೆದೆ. ನೋಡು.'

ಒಡೆದಿರಬಹುದು ಎನ್ನಲಿಲ್ಲ. ಒಡೆದೆ ಎಂದೆ. ಅಂಗಡಿಯವನು ಹೇಳಿದ, ಹೊಸ ಡ್ರೈವರ್ ಯಾರು ಬಂದರೂ ನೀನು ಇದನ್ನು ಹೇಳಿಯೇ ಕಳಿಸುವುದಂತೆ. ನಾನು ಮಾಡಿದ್ದನ್ನು ನೀನು ನಿನ್ನದೆಂದು ಒಪ್ಪಿಕೊಂಡು, ಇನ್ನೊಬ್ಬನ ಕಾಲು ಉಳಿಯಲಿ ಎಂದು ದಾರಿಯಲ್ಲಿ ಕುಳಿತು ಹೇಳುತ್ತಿದ್ದೀಯ. ನಾನು ಬಸ್ಸು ಹತ್ತಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದೆ. ಇಷ್ಟು ಬರೆಯಲು ಒಂಬತ್ತು ದಿನ ಹಿಡಿಯಿತು.

ಕ್ಷಮಿಸು ಎಂದು ಬರೆಯುವುದಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ, ಕೇಳಿ ನಿನ್ನ ಮೇಲೆ ಇನ್ನೊಂದು ಭಾರ ಹೇರುವುದೂ ಬೇಡ.

ಯಾರಾದರೂ ಓದಿ ಹೇಳಬೇಕು ಎಂದು ಮೊದಲು ಬರೆದೆನಲ್ಲ — ಅದು ಬೇಡ. ಕಾಗದ ಕಳಿಸಿ ಮನೆಯೊಳಗೆ ಕೂರುವ ಉಪಾಯ ಅದು. ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ, ಎಲ್ಲರೂ ಟೀಗೆ ಸೇರುವ ಹೊತ್ತಿಗೆ. ಆ ಆರು ಜನರಲ್ಲಿ ನಾಲ್ವರು ಇನ್ನೂ ಇದ್ದಾರೆ, ಅವರಿಗೂ ಬರಹೇಳಿದ್ದೇನೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ತಡವಾಗುತ್ತದೆ. ಅವರು ಉಗಿಯಲಿ. ನೀನೂ ಉಗಿ. ಮೊದಲ ಸಾಲು ಓದಿದ ಮೇಲೆ ನೀನು ಎದ್ದು ಹೋದರೂ ಉಳಿದವರಿಗೆ ಪೂರ್ತಿ ಓದುತ್ತೇನೆ.

ಆದರೆ ಈ ಕೊನೆಯದನ್ನು ಕೇಳಿ ಹೋಗು. ಅವತ್ತು ನೀನು ನಾಲ್ಕು ಕಡೆ ತಟ್ಟಿ ಹೇಳಿದ್ದು ಸರಿಯಾಗಿಯೇ ಇತ್ತು. ಆ ಮರ ನೀರು ಕುಡಿದಿತ್ತು, ಲೋಕಯ್ಯ.