ಅವ್ವನನ್ನು ಪೇಟೆಗೆ ಕಳಿಸಿದವರು

ಸಂತಾಪ ಸಭೆಯಲ್ಲಿ ತೀರಿಕೊಂಡವರನ್ನು ಹೊಗಳುವುದು ರೂಢಿ. ಕಳೆದ ತಿಂಗಳು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಬ್ಬ ಭಾಷಣಕಾರರು ಅಷ್ಟನ್ನೂ ಮಾಡಲಿಲ್ಲ. ತೀರಿಕೊಂಡವರು ನಮ್ಮ ಕಡೆ ಮೊಟ್ಟಮೊದಲು ಕನ್ನಡದ ನಗೆನಾಟಕ ಆಡಿಸಿ, ಕ್ಯಾಸೆಟ್ ಮಾಡಿ, ಕಲ್ಯಾಣ, ಅಂಬರನಾಥದ ಚಾಳುಗಳಿಗೆಲ್ಲ ಮುಟ್ಟಿಸಿದವರು.

"ಜನರನ್ನು ನಗಿಸಿದರು, ನಿಜ. ಆದರೆ ಮರಾಠಿ, ಹಿಂದಿ ಬೆರೆಸಿ ಭಾಷೆ ಕೆಡಿಸಿದರು. ನಮ್ಮ ಹೆಣ್ಣುಮಕ್ಕಳನ್ನು ಪೆದ್ದರಂತೆ ತೋರಿಸಿದರು," ಎಂದರು ಭಾಷಣಕಾರರು. ಕೆಳಗಿಳಿದವರೇ ಫೋನಿನಲ್ಲಿ ಮಗಳಿಗೆ, ಹೊರಟೆ ಎನ್ನುವುದನ್ನು ಹಿಂದಿಯಲ್ಲಿ "ಹಾಂ ಬೇಟಾ, ನಿಕಲ್ ರಹಾ ಹೂಂ" ಎಂದದ್ದು ನನ್ನ ಕಿವಿಗೆ ಬಿತ್ತು. ಮೈಯೆಲ್ಲ ಉರಿಯಿತು. ಎದ್ದುಹೋಗಿ ಮೈಕ್ ಕೇಳಿದೆ.

ನಾನು ಹೇಳಿದ್ದು ನಮ್ಮವ್ವನ ಕತೆ. ಅಪ್ಪನಿಗೆ ಎಂಐಡಿಸಿ ಕಾರ್ಖಾನೆಗಳಲ್ಲಿ ಲೋಡಿಂಗ್ ಕೆಲಸ. ಅವ್ವ ನನ್ನನ್ನು ಕಟ್ಟಿಕೊಂಡು ವಿಜಯಪುರದ ಕಡೆಯಿಂದ ಹೊಸದಾಗಿ ಬಂದಿದ್ದಳು. ಪೇಟೆಯಲ್ಲಿ ತರಕಾರಿಯವನು ಮರಾಠಿಯಲ್ಲಿ ಏನು ಬೇಕು ಎಂದು "ಕಾಯ್ ಪಾಹಿಜೆ?" ಅಂದ. ತೆಂಗಿನಕಾಯಿ ಬೇಕೇ ಎಂದು ಕೇಳುತ್ತಿದ್ದಾನೆ ಅಂದುಕೊಂಡ ಅವ್ವ, "ಕಾಯಿ ಬ್ಯಾಡೋ ಯಪ್ಪಾ, ಬದನಿಕಾಯಿ ಕೊಡು" ಅಂದಳು. ಅವನು ಮತ್ತೆ "ಕಾಯ್?" ಅಂದ. ಇವಳು ಮತ್ತೆ ಬ್ಯಾಡ ಅಂದಳು. ಸುತ್ತ ನಿಂತವರೆಲ್ಲ ನಕ್ಕರು. ಅವ್ವ ಬರಿಗೈಯಲ್ಲಿ ಮನೆಗೆ ಬಂದವಳು ಮತ್ತೆ ಪೇಟೆಗೆ ಹೋಗಲೇ ಇಲ್ಲ. ಎಷ್ಟೋ ತಿಂಗಳು ಸಂತೆಗೆ ಹೋದದ್ದು ಅಪ್ಪನೇ.

ಆ ವರ್ಷದ ಗಣಪತಿ ಮಂಟಪದಲ್ಲಿ ಈ ಮಹಾನುಭಾವರ ನಾಟಕ. ಸ್ವತಃ ಕರಾವಳಿಯವರು, ಸೀರೆ ಉಟ್ಟು, ಸೆರಗು ಹೊದ್ದು, ನಮ್ಮ ವಿಜಯಪುರದ ಕಡೆಯ ಹೆಂಗಸಾಗಿ ಬಂದರು. ನಾಟಕದ ತರಕಾರಿಯವನೂ "ಕಾಯ್?" ಅಂದ. ಇಲ್ಲೂ ಅವಳನ್ನೇ ನೋಡಿ ನಗುತ್ತಾರೆಂದು ಪಕ್ಕದಲ್ಲಿದ್ದ ಅವ್ವನ ಮುಖ ನೋಡಿದೆ. ಆದರೆ ಆ ಹೆಂಗಸು ಸೊಂಟಕ್ಕೆ ಕೈಯಿಟ್ಟು, "ಬುಟ್ಟ್ಯಾಗ ಒಂದರ ಕಾಯಿ ಐತೇನೋ? ಆಗಲಿಂದ ಬರೇ ಕಾಯಿ ಕಾಯಿ ಅಂತಿ! ಇಲ್ಲದ್ದನ್ನ ಮಾರಾಕ ಕುಂತಿಯೇನು?" ಎಂದು ಗದರಿಸಿತು. ಕೊನೆಗೆ ಅವನೇ ಹೆದರಿ ತೆಂಗಿನಕಾಯಿ ತರಲು ಓಡಿದ.

ಅವ್ವ ಬಿದ್ದು ಬಿದ್ದು ನಕ್ಕಳು. ಪಕ್ಕದ ಖೋಲಿಯ ತುಳು ಮಾತಾಡುವ ಅಕ್ಕನೂ ಅವಳ ಭುಜ ಹಿಡಿದು ನಕ್ಕಳು. ಇಬ್ಬರದ್ದೂ ಒಂದೇ ಪಾಡು ಎಂದು ಆಗಲೇ ಗೊತ್ತಾದದ್ದು. ಮರುದಿನ ಅವ್ವ ಚೀಲ ಹಿಡಿದು ತಾನೇ ಪೇಟೆಗೆ ಹೊರಟಳು. ಈಗ ಅವಳೂ ಇಲ್ಲ. ಆ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿದ ಗತ್ತು ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ.

"ಪೆದ್ದಿ ಅಂತ ತೋರಿಸಿದವರು ಪೇಟೆಯವರು. ಇವರಲ್ಲ," ಎಂದು ಮೈಕ್ ಕೊಟ್ಟೆ. ಚಪ್ಪಾಳೆ ಬಿತ್ತು. ನನಗೂ ಸ್ವಲ್ಪ ಹೆಮ್ಮೆಯೇ ಆಯಿತೆನ್ನಿ.

ಸಭೆ ಮುಗಿದ ಮೇಲೆ ತೀರಿಕೊಂಡವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಇದನ್ನು ಅವರು ಕೇಳ್ಬೇಕಿತ್ತು ಮಾರಾಯ್ರೆ. ಈ ಭಾಷಣದವರು ಹೇಳಿದ್ದನ್ನೇ ಎಲ್ರೂ ಹೇಳಿ ಹೇಳಿ, ಕಡೆಕಡೆಗೆ ಅವರೂ ಅದನ್ನೇ ಹೇಳ್ತಿದ್ರು. ನಾನು ನಮ್ಮ ಹೆಂಗಸರ ಮರ್ಯಾದೆ ತೆಗ್ದೆ ಅಂತ. ಹೋದ ವರ್ಷ ಕ್ಯಾಸೆಟ್ ಎಲ್ಲ ಅವರೇ ಗುಜರಿಯವನಿಗೆ ಹಾಕಿಬಿಟ್ರು."

ಒಂದಾದರೂ ಉಳಿದಿದೆಯೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.