ಪೊರೆ ಕಳಚಿದ ಮೇಲೆ ಕಂಡ ಕೆಂಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿಯೆಲ್ಲ ಅಬ್ಬರಿಸಿದ ಕಡಲು ಹಿಂದೆ ಸರಿದು, ದಡದುದ್ದಕ್ಕೂ ಪಾಚಿ, ಹವಳದ ಚೂರು, ಒಡೆದ ಚಿಪ್ಪುಗಳ ಗೆರೆಯೊಂದನ್ನು ಬಿಟ್ಟುಹೋಗಿದೆ. ಆ ಗೆರೆಯ ಪಕ್ಕದಲ್ಲಿ ಮಾಪುವಾನಾ ಬೋರಲು ಮಲಗಿದ್ದಾರೆ. ಮೊಣಕೈ ಮರಳಿನಲ್ಲಿ ಹೂತಿದೆ. ಬೆರಳ ತುದಿ ಮರಳನ್ನು ಅಷ್ಟಷ್ಟೇ ಸರಿಸುತ್ತದೆ, ನಿಲ್ಲುತ್ತದೆ, ಏನನ್ನೋ ಹೆಕ್ಕಿ ಪಕ್ಕದ ಡಬ್ಬಿಗೆ ಹಾಕುತ್ತದೆ. ಗಾಳಿ ಬೀಸಿದಾಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಾರೆ, ತೆರೆದಾಗ ಮತ್ತದೇ ಬೆರಳು, ಅದೇ ಮರಳು.

"ಕೂತ್ಕೊಂಡ್ರೆ ಚಿಪ್ಪು ಕಾಣಲ್ಲ, ಮಲಗಿದ್ರೆ ಸೊಂಟ ಸುಮ್ಮನಿರಲ್ಲ. ಎರಡರಲ್ಲಿ ಸೊಂಟ ಹೋದ್ರೆ ಹೋಗ್ಲಿ" ಎನ್ನುತ್ತಾರೆ, ತಲೆ ಎತ್ತದೆ.

ಅವರು ಹೆಕ್ಕುತ್ತಿರುವುದು ಕಾಹೆಲೆಲಾನಿ. ಜೋಳದ ಕಾಳಿನಷ್ಟು ದಪ್ಪದ, ಶಂಖದಂತೆ ಸುರುಳಿ ಸುತ್ತಿದ ಚಿಪ್ಪು. ಚಳಿಗಾಲದ ದೊಡ್ಡ ಅಲೆಗಳು ಬಂದಾಗಷ್ಟೇ ನೀಹೌ ದ್ವೀಪದ ದಡಕ್ಕೆ ಬೀಳುತ್ತದೆ. ಒಂದೇ ಅಲೆ ತಂದು ಸುರಿದ ಹಿಡಿಯಷ್ಟರಲ್ಲೇ ಇಟ್ಟಿಗೆ ಕೆಂಪು, ಕಾಫಿ ಕಂದು, ಮಾಗಿದ ಬಾಳೆಯ ಹಳದಿ, ಪಾಚಿ ಹಸಿರು, ಬಿಳಿ ಎಲ್ಲ ಇರುತ್ತದೆ. ಅದೃಷ್ಟವಿದ್ದ ದಿನ ಒಂದೆರಡು ಕಡುಗುಲಾಬಿ. ಒಂದೇ ಜಾತಿಯ ಚಿಪ್ಪಿಗೆ ಇಷ್ಟು ಬಣ್ಣ ಯಾಕೆ ಎಂದರೆ ಮಾಪುವಾನಾ ನಗುತ್ತಾರೆ. "ಒಂದೇ ಬಸಿರಲ್ಲಿ ಹುಟ್ಟಿದವ್ರೆಲ್ಲ ಒಂದೇ ಬಣ್ಣ ಇರ್ತಾರಾ? ನನ್ನ ಗಂಡನ್ನ ನೋಡಿ, ಆಮೇಲೆ ಅವನ ತಂಗೀನ ನೋಡಿ."

ಇಲ್ಲಿ ಯಾರೂ ಚಿಪ್ಪಿಗೆ ಬಣ್ಣ ಹಚ್ಚುವುದಿಲ್ಲ. ಕಡಲು ಕೊಟ್ಟ ಬಣ್ಣಗಳಲ್ಲಿ ಒಂದಕ್ಕೊಂದು ಹೊಂದುವುದನ್ನು ಬೇರೆ ಮಾಡಿ, ಸೂಜಿಮೊನೆಯಲ್ಲಿ ತೂತು ಕೊರೆದು, ದಾರಕ್ಕೆ ಪೋಣಿಸುವುದೇ ಕಸುಬು. ಕೊರೆಯುವಾಗ ಎಷ್ಟೋ ಒಡೆದುಹೋಗುತ್ತವೆ. ಕೊರಳು ತುಂಬುವ ಒಂದು ಸರಕ್ಕೆ ಒಮ್ಮೊಮ್ಮೆ ಎರಡು ಚಳಿಗಾಲ ಬೇಕು. ಮಾಪುವಾನಾ ಅವರ ಸರವನ್ನು ದ್ವೀಪದವರು ದೂರದಿಂದಲೇ ಗುರುತಿಸುತ್ತಿದ್ದರು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಕೆಂಪು, ಅದ್ದಿ ತೆಗೆದ ಹಾಗೆ. ತಾಯಿಯಿಂದ ಬಂದ ಕಣ್ಣು ಎಂದು ಅವರಿಗೂ ಹೆಮ್ಮೆಯಿತ್ತು. ಆ ಹೆಮ್ಮೆಯಲ್ಲಿ ನಾದಿನಿ ಲೆಪೆಕಾ ಪೋಣಿಸಿದ ಸರ ಕಂಡರೆ ಸುಮ್ಮನಿರುತ್ತಿರಲಿಲ್ಲ. "ಏನೇ ಇದು, ಅಂಗಳ ಗುಡಿಸಿ ಪೋಣಿಸಿದ್ದೀಯಾ?" ಅನ್ನುತ್ತಿದ್ದರು, ನಾಲ್ಕು ಜನರ ಮುಂದೆಯೇ. ಲೆಪೆಕಾ ಮಾತು ಬದಲಿಸುತ್ತಿದ್ದರು.

ಹೋದ ವರ್ಷ ಮಾಪುವಾನಾ ಹಗಲು ಹೊತ್ತಿನಲ್ಲೇ ಅಂಗಳದ ಹಂದಿಯನ್ನು ಎಡವಿ ಬಿದ್ದರು. ಗಂಡ ಕೆಪಾ ಗದರಿಸಿ ದೋಣಿ ಹತ್ತಿಸಿ, ಪಕ್ಕದ ಕವಾಯಿ ದ್ವೀಪದ ಆಸ್ಪತ್ರೆಗೆ ಕರೆದೊಯ್ದ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಹತ್ತು ವರ್ಷದಿಂದ ಬೆಳೆದದ್ದು ಎಂದರು ಡಾಕ್ಟರು. ಇವರಿಗೆ ನಂಬಿಕೆಯೇ ಬರಲಿಲ್ಲ. "ಮಬ್ಬು ಅಂತ ನನಗನ್ನಿಸಲೇ ಇಲ್ಲ. ಊರೇ ಸ್ವಲ್ಪ ಹಳೇದಾಯ್ತು ಅಂದ್ಕೊಂಡಿದ್ದೆ."

ಒಂದಾದ ಮೇಲೊಂದು ಕಣ್ಣಿನ ಪೊರೆ ತೆಗೆದರು. ಊರಿಗೆ ಮರಳಿದ ಮೊದಲ ಭಾನುವಾರ ಚರ್ಚಿಗೆ ಹೋದರು. ಎಲ್ಲರೂ ಎದ್ದು ಹಾಡುತ್ತಿದ್ದಾಗ ಮುಂದಿನ ಸಾಲಿನಲ್ಲಿ ನಿಂತಿದ್ದ ನೋಹೆಯಾ ಎಂಬ ಹುಡುಗಿಯ ಕೊರಳಿನ ಮೇಲೆ ಕಣ್ಣು ಬಿತ್ತು. ಐದೆಳೆಯ ಸರ. ಕೆಂಪಿನ ಪಕ್ಕದಲ್ಲಿ ಕಂದು, ಕಂದಿನ ಪಕ್ಕದಲ್ಲಿ ಕೊಳೆತ ಹಳದಿ, ನಡುವೆ ಎಲ್ಲಿಂದಲೋ ಹಸಿರು. ಇಷ್ಟು ಕೆಟ್ಟದಾಗಿ ಪೋಣಿಸಿದವರು ಯಾರಪ್ಪ ಎಂದು ಮರುಕಪಟ್ಟರು. ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯನ್ನು ನಿಲ್ಲಿಸಿ ಕೇಳಿದರು.

"ಯಾರು ಕೊಟ್ರೇ ನಿನಗೆ ಇದನ್ನ?"

ನೋಹೆಯಾ ನಕ್ಕಳು. "ತಮಾಷೆ ಮಾಡ್ತೀರಾ ಟೂಟು? ನನ್ನ ಮದುವೆಗೆ ನೀವೇ ಪೋಣಿಸಿದ್ದಲ್ವಾ?"

ಟೂಟು, ಅಂದರೆ ಅಜ್ಜಿ, ಎಂದು ಪ್ರೀತಿಯಿಂದ ಕರೆದ ಆ ದನಿ ಮಾತ್ರ ಕೇಳಿಸಿತಂತೆ. ಉಳಿದದ್ದು ಕಿವಿಗೆ ಹೋದರೂ ಒಳಗಿಳಿಯಲಿಲ್ಲ. ಹುಡುಗಿ ಸರ ಬಿಚ್ಚಿ ಕೈಗಿಟ್ಟಳು. ಕೊಂಡಿಯ ಹತ್ತಿರ ಮಾಪುವಾನಾ ಅವರ ತಾಯಿ ಕಲಿಸಿದ ಗಂಟಿತ್ತು. ಆ ಗಂಟು ಹಾಕುವವರು ದ್ವೀಪದಲ್ಲಿ ಇವರೊಬ್ಬರೇ.

ಮನೆಗೆ ಬಂದವರೇ ಬಣ್ಣ ಬೇರೆ ಮಾಡಿಟ್ಟ ಸೀಸೆಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿಯ ಸೀಸೆಯಲ್ಲಿ ಕೆನೆ, ಹಳದಿ. ಕೆಂಪಿನ ಸೀಸೆಯಲ್ಲಿ ಕಂದು. ಯಾವುದೂ ಸರಿಯಿಲ್ಲ. ಚಾಪೆಯ ಮೇಲೆ ಮಲಗಿದವರು ಊಟಕ್ಕೂ ಏಳಲಿಲ್ಲ. ಕೆಪಾ ಮೀನು ಸುಟ್ಟು ತಂದಿಟ್ಟ.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದರು.

"ನನಗೆ ಮೀನು ಗೊತ್ತು. ಚಿಪ್ಪು ನನಗೆ ಯಾವತ್ತೂ ಒಂದೇ ಥರ ಕಂಡಿದ್ದು" ಎಂದ ಕೆಪಾ.

ಆಮೇಲೆ ಮಾಪುವಾನಾ ಮನೆಮನೆಗೆ ಹೊರಟರು. ತಾನು ಪೋಣಿಸಿದ್ದನ್ನೆಲ್ಲ ವಾಪಸು ಕೇಳಿ, ಬಿಚ್ಚಿ, ಸರಿಮಾಡಿ ಕೊಡಬೇಕು. ಮೊದಲ ಮನೆಯ ಹಿರಿಯಳು ಪೆಟ್ಟಿಗೆಯಿಂದ ತೆಗೆದುಕೊಟ್ಟ ಸರವನ್ನು ಮಾಪುವಾನಾ ಬಾಗಿಲ ಬೆಳಕಿಗೆ ಹಿಡಿದರು. ನೋಹೆಯಾಳ ಸರ ಕಂಡಾಗ ಆದದ್ದಕ್ಕಿಂತ ದೊಡ್ಡ ಆಘಾತ ಇದು. ಆರು ವರ್ಷ ಹಿಂದಿನ ಆ ಸರದಲ್ಲಿ ಒಂದೇ ಒಂದು ತಪ್ಪಿಲ್ಲ. ಕಣ್ಣಿಗೆ ಪೊರೆ ಕವಿದಿದ್ದ ಕಾಲ, ಕೈ ಹೇಗೆ ಸರಿಯಾಗಿ ಆರಿಸಿತು? ಮುಂದಿನ ಮನೆಯಲ್ಲೂ ಹಾಗೆಯೇ. ಕೆಟ್ಟವೆಲ್ಲ ಈಚಿನ ಎರಡು ವರ್ಷದವು. ಆ ಎರಡು ವರ್ಷ ಲೆಪೆಕಾ ಊರಿನಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಕವಾಯಿಗೆ ಹೋದವರು ಅಲ್ಲೇ ಉಳಿದು, ಈಚೆಗಷ್ಟೇ ಮರಳಿದ್ದರು. ಅದಕ್ಕೂ ಮೊದಲು ಮಾಪುವಾನಾ ಆರಿಸಿದ ಚಿಪ್ಪುಗಳಿಗೆ ತೂತು ಕೊರೆಯುವ ಕೆಲಸ ಲೆಪೆಕಾ ಅವರದಾಗಿತ್ತು. ಸೀಸೆಗಳು ಸಂಜೆ ಅವರ ಮನೆಗೆ ಹೋಗಿ ಬರುತ್ತಿದ್ದವು.

ಲೆಪೆಕಾ ಹಿತ್ತಲಲ್ಲಿ ಮೀನಿನ ಹುರುಪೆ ಹೆರೆಯುತ್ತಿದ್ದರು. ಅತ್ತಿಗೆಯ ಮುಖ ಕಂಡು ಚಾಕು ಕೆಳಗಿಟ್ಟರು.

"ನೀನೇ ತಾನೇ?"

"ಹೂಂ. ನಾನೇ. ಹೊಂದದೇ ಇದ್ದದ್ದನ್ನ ತೆಗೆದು ನಂದರಲ್ಲಿದ್ದದ್ದನ್ನ ಹಾಕ್ತಿದ್ದೆ."

"ನಿಂದು?"

"ಮತ್ತೆ ಕೆಂಪು ಎಲ್ಲಿಂದ ತರ್ಲಿ? ನಿನ್ನ ಸೀಸೇಲಿ ಇರ್ಲಿಲ್ವಲ್ಲ."

ಮಾಪುವಾನಾಗೆ ಆಗ ಹೊಳೆಯಿತು. ನಾದಿನಿಯ ಕೊರಳಲ್ಲಿ ಕಂಡು ಹಂಗಿಸಿದ್ದ ಆ ಕಲಸುಮೇಲೋಗರ, ತನ್ನ ಕೆಂಪು, ಬಿಳಿ ಸೀಸೆಗಳಿಂದ ಹೊರಬಿದ್ದದ್ದೆಲ್ಲ ಒಂದೇ ದಾರ ಸೇರಿದ್ದು. ಅಂಗಳ ಗುಡಿಸಿದ್ದು ತಾನೇ.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ?"

"ಹೇಳಿದ್ದೆ ಅತ್ತಿಗೆ. ಒಂದ್ಸಲ ದಡದಲ್ಲಿ, ಇದು ಕಂದು ಅಂದೆ. ನಿನ್ನ ಕಣ್ಣು ತೋರಿಸ್ಕೊಂಡು ಬಾರೇ ಕುರುಡಿ ಅಂದೆ ನೀನು. ಎಲ್ರೂ ನಕ್ರು. ಆಮೇಲೆ ನಾನ್ಯಾಕೆ ಹೇಳ್ಲಿ?" ಸ್ವಲ್ಪ ತಡೆದು ಲೆಪೆಕಾ ಇನ್ನೊಂದು ಮಾತು ಸೇರಿಸಿದರು. "ಗೊತ್ತಾಗಿದ್ರೆ ನೀನು ಸೂಜಿ ಮುಟ್ತಿರ್ಲಿಲ್ಲ. ಸೂಜಿ ಇಲ್ದೆ ನಿನ್ನ ಮನೇಲಿಟ್ಕೊಂಡು ನಮ್ಮಣ್ಣ ಬಾಳೋದು ಹೇಗೆ?"

ಈ ಮಾತಿಗೆ ನಗಬೇಕೋ ಅಳಬೇಕೋ ತಿಳಿಯದೆ ಮಾಪುವಾನಾ ಎರಡನ್ನೂ ಮಾಡಿದರಂತೆ.

ನೋಹೆಯಾಳಿಗೆ ಹೊಸ ಸರ ಪೋಣಿಸಲು ಅತ್ತಿಗೆ ನಾದಿನಿ ಜೊತೆಯಾಗಿ ಕುಳಿತರು. ಹಳೆಯದನ್ನು ತಾ, ಬಿಚ್ಚುತ್ತೇನೆ ಎಂದರೆ ಹುಡುಗಿ ಕೊಡಲಿಲ್ಲ. "ಮದುವೇಲಿ ಹಾಕ್ಕೊಂಡಿದ್ದು ಟೂಟು. ಹೊಸದನ್ನೂ ಕೊಡಿ, ಬೇಡ ಅನ್ನಲ್ಲ. ಹಳೇದನ್ನ ಮಾತ್ರ ಮುಟ್ಟಬೇಡಿ" ಎಂದಳು. ಚರ್ಚಿಗೆ ಇಂದಿಗೂ ಅದನ್ನೇ ಹಾಕಿಕೊಂಡು ಬರುತ್ತಾಳೆ. ಮಾಪುವಾನಾ ಆ ಸಾಲಿನ ಹಿಂದೆ ಕೂರುವುದನ್ನು ಬಿಟ್ಟಿದ್ದಾರೆ.

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಒಂದು ಮಧ್ಯಾಹ್ನ ಕಿಟಕಿಯ ಬಳಿ ಚಿಪ್ಪು ಆರಿಸುವಾಗ ಲೆಪೆಕಾ ಒಂದನ್ನು ಕೆಂಪಿನ ಗುಡ್ಡೆಗೆ ತಳ್ಳಿದರು. ಅದು ಕಂದು. ಕೈತಪ್ಪಿರಬೇಕು ಎಂದುಕೊಂಡರು ಮಾಪುವಾನಾ. ಇನ್ನೊಂದು ಹೋಯಿತು, ಅದೂ ಕಂದು. ಬಿಳಿಯ ಗುಡ್ಡೆಗೆ ಹಳದಿ ಹೋಯಿತು.

"ಅವಳಿಗೂ ಪೊರೆ ಬಂದಿದೆ ಅಂತ ಆಗ ಗೊತ್ತಾಯ್ತು" ಎಂದು ಆ ಗಳಿಗೆಯನ್ನು ನೆನೆಯುತ್ತಾರೆ. ಲೆಪೆಕಾ ಎದ್ದು ಹೋದ ಮೇಲೆ ಗುಡ್ಡೆಗಳನ್ನು ತಾನೇ ಸರಿಪಡಿಸಿದರು. ಹಾಗೇ ಮುಂದುವರಿಸಬಹುದಿತ್ತು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಮಾರನೆಯ ದಿನ ಹೇಳಿಯೇಬಿಟ್ಟರು.

ಲೆಪೆಕಾ ಸಿಡಿದೆದ್ದರು. "ನಿಂಗೆ ಹೊಸ ಕಣ್ಣು ಬಂತು ಅಂತ ಊರವ್ರೆಲ್ಲ ಕುರುಡರಾ?"

ಗಲಾಟೆ ಕೇಳಿ ಬಾಗಿಲವರೆಗೆ ಬಂದ ಕೆಪಾ ಹಾಗೆಯೇ ತಿರುಗಿ ದೋಣಿಯ ಕಡೆ ನಡೆದ. ಎಷ್ಟೋ ದಿನ ಇಬ್ಬರ ನಡುವೆ ಮಾತಿರಲಿಲ್ಲ. ದಡದಲ್ಲೂ ದೂರದೂರ ಮಲಗಿ ಹೆಕ್ಕಿದರು. "ಬೈದ್ಲು, ಬೈಲಿ. ಅವಳು ನಂಗೋಸ್ಕರ ಅಷ್ಟು ವರ್ಷ ಬೈಸ್ಕೊಂಡಿದ್ದಾಳೆ" ಎಂದು ಮಾಪುವಾನಾ ಕಾದರು. ಕೊನೆಗೊಂದು ಬೆಳಿಗ್ಗೆ ಲೆಪೆಕಾ ಬಟ್ಟೆಯ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದರು. "ದೋಣಿ ಎಷ್ಟೊತ್ತಿಗೆ?" ಎಂದಷ್ಟೇ ಕೇಳಿದರು.

ಅದು ಈ ಚಳಿಗಾಲದ ಶುರುವಿನಲ್ಲಿ. ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತಾರೆಂದು ಗೊತ್ತಾದಾಗ ಮಾಪುವಾನಾ ಕೇಳಿಕೊಂಡದ್ದು ಒಂದೇ. "ನನ್ನ ಹೆಸರಲ್ಲಿ ಓಡಾಡ್ತಿರೋ ಒಳ್ಳೇ ಸರ ಎಲ್ಲ ಲೆಪೆಕಾದು ಅಂತ ಹಾಕಿ. ಓದಿದವ್ರು ಅವಳಿಗೆ ಒಂದು ಮಾತು ಹೇಳ್ಲಿ."

ಕವಾಯಿಯ ಆಸ್ಪತ್ರೆಯಲ್ಲಿ ಲೆಪೆಕಾ ಅವರ ಒಂದು ಕಣ್ಣಿನ ಪೊರೆ ತೆಗೆದು, ಪಟ್ಟಿ ಬಿಚ್ಚುವಾಗ ಮಾಪುವಾನಾ ಎದುರಿಗೇ ಕೂತಿದ್ದರು. ನಾದಿನಿ ಕಣ್ಣು ಪಿಳುಕಿಸಿ ಗೋಡೆ ನೋಡಿದರು, ಕಿಟಕಿ ನೋಡಿದರು. ಕೊನೆಗೆ ಅತ್ತಿಗೆಯ ಮುಖ ನೋಡಿ ಹೌಹಾರಿದರು.

"ಅಯ್ಯೋ ದೇವರೇ! ಅತ್ತಿಗೆ, ಇಷ್ಟು ಮುದುಕಿ ಆಗಿದ್ದೀಯಾ?"

ಮಾಪುವಾನಾ ಡಾಕ್ಟರ ಕಡೆ ತಿರುಗಿದರು. "ಈ ಕಣ್ಣು ಸರಿಯಾಗಿದೆ. ಇನ್ನೊಂದನ್ನೂ ಮಾಡಿ."