ಗಿಟಾರ್ ಸರ್ ಬೇಡವೆಂದ ಪುಸ್ತಕ

ನಮ್ಮ ಗಿಟಾರ್ ಸರ್ ಬಸ್ಸಿನಲ್ಲಿ ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. ತಂತಿ ಮೀಟಲು ಬೆಳೆಸಿದ್ದ ಉಗುರುಗಳು ನೂಕುನುಗ್ಗಲಿನಲ್ಲಿ ಎಲ್ಲಿ ಮುರಿದಾವೋ ಎಂಬ ಭಯ. ಎಡಗೈಯಲ್ಲಿ ಕಂಬಿ ಹಿಡಿದು ಜೋಲಾಡುತ್ತಲೇ ಕುಕ್ ಟೌನಿನಿಂದ ಹೊಸ ತಿಪ್ಪಸಂದ್ರದ ಸಂಗೀತ ಶಾಲೆಗೆ ಬರುತ್ತಿದ್ದರು. ಜೇಬುಗಳ್ಳನೆಂದುಕೊಂಡು ಒಬ್ಬ ಕಂಡಕ್ಟರ್ ಅವರನ್ನು ನಡುದಾರಿಯಲ್ಲೇ ಇಳಿಸಿದ್ದನಂತೆ.

ನಾನು ಕಲಬುರಗಿಯಿಂದ ಬಂದು ಇಲ್ಲಿ ಆಫೀಸು ಸೇರಿದವಳು, ನಲವತ್ತು ದಾಟಿದ ಮೇಲೆ ಗಿಟಾರ್ ಹಿಡಿದವಳು. ತರಗತಿಯಲ್ಲಿ ಉಳಿದವರೆಲ್ಲ ಮಕ್ಕಳು. ಇಂಟರ್ನೆಟ್ಟಿನಲ್ಲಿ ಯಾರೋ ಹೊಗಳಿದ್ದ ನಾಲ್ಕು ಪುಸ್ತಕ ತರಿಸಿಕೊಂಡು ಹೋಗಿದ್ದೆ. ಸರ್ ಮೂರನ್ನು ಪಕ್ಕಕ್ಕೆ ತಳ್ಳಿದರು.

"ಇದ್ರಲ್ಲಿ ಬರೀ ಫೋಟೋ. ಇದು ಮೊದಲ್ನೇ ದಿನಾನೇ ಹಾಡು ಕಲಿಸ್ತೀನಿ ಅನ್ನುತ್ತೆ, ಸುಳ್ಳು. ಇದು ಒಳ್ಳೇದೇ, ಆದ್ರೆ ನಿಮಗೆ ಈಗ್ಲೇ ಬೇಡಮ್ಮಾ."

ಉಳಿದದ್ದು ತೆಳ್ಳನೆಯ ಪುಸ್ತಕ. ಒಂದು ಪಾಠಕ್ಕೆ ಒಂದೇ ತಂತಿ, ದೊಡ್ಡ ಅಚ್ಚು. ಸರ್ ಅದನ್ನು ಶಿವಾಜಿನಗರದ ಬೈಂಡಿಂಗ್ ಅಂಗಡಿಗೆ ಒಯ್ದು, ಬೆನ್ನು ಕತ್ತರಿಸಿ, ಸ್ಪೈರಲ್ ಹಾಕಿಸಿ ತಂದರು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಜಗಳಕ್ಕೇ ನಿಂತೆ.

"ಎರಡು ಕೈಯೂ ಗಿಟಾರ್ ಮೇಲಿರುತ್ತೆ. ಪುಸ್ತಕ ತಾನಾಗೇ ತೆರ್ಕೊಂಡಿರ್ಬೇಕಲ್ಲಮ್ಮಾ. ಇಲ್ಲಾಂದ್ರೆ ಯಾರು ಹಿಡ್ಕೋತಾರೆ, ನಿಮ್ಮ ಯಜಮಾನ್ರಾ?" ಎಂದರು.

ಆ ಶಾಲೆಯ ಮಾಲೀಕನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗಿಟಾರಿನ ಗಂಧಗಾಳಿ ಗೊತ್ತಿಲ್ಲದ ಆಸಾಮಿ ಅಲ್ಲಿಂದಿಲ್ಲಿಂದ ಚಿತ್ರ ಕದ್ದು ತನ್ನದೇ ಪಾಠಪುಸ್ತಕ ಅಚ್ಚು ಹಾಕಿಸಿದ. ನಾಲ್ಕನೇ ಪುಟಕ್ಕೇ ಒಂದೇ ಬೆರಳಿನಲ್ಲಿ ಆರೂ ತಂತಿ ಒತ್ತುವ ಪಾಠ. ದೊಡ್ಡವರಿಗೇ ತಿಂಗಳುಗಟ್ಟಲೆ ಬೆವರಿಳಿಸುವ ಕೆಲಸವದು. ಎಲ್ಲರೂ ಇದನ್ನು ಕೊಳ್ಳಲೇಬೇಕು ಎಂದು ಅವನು ಪೋಷಕರ ಸಭೆಯಲ್ಲಿ ಹೇಳಿದಾಗ ಸರ್ ಎದ್ದು ನಿಂತರು.

"ಇದನ್ನ ತಗೋಬೇಡಿ. ಬೆರಳು ನೋಯುತ್ತೆ, ಮಗು ತನಗೆ ಸಂಗೀತ ಬರಲ್ಲ ಅಂದ್ಕೊಂಡು ಗಿಟಾರ್ ಮೂಲೆಗಿಡುತ್ತೆ. ತಪ್ಪು ಮಗೂದಲ್ಲ, ಪುಸ್ತಕದ್ದು."

ಕಲಿಯುವವಳೆಂದು ನಾನೂ ಆ ಸಭೆಯಲ್ಲಿದ್ದೆ. ಸರ್ ಹೇಳಿದ್ದು ನಿಜ ಎಂದು ನಾನು ಎದ್ದೆ. "ಆಂಟಿ, ನಿಮ್ಮ ಮಕ್ಕಳು ಇಲ್ಲಿ ಕಲೀತಿಲ್ವಲ್ಲ, ಸುಮ್ನಿರಿ" ಎಂದ ಒಬ್ಬ ತಂದೆ. ಮರುದಿನವೇ ಸರ್ ಕೆಲಸ ಹೋಯಿತು. ಅಷ್ಟಕ್ಕೇ ಬಿಟ್ಟರೇ? ಮೇಷ್ಟ್ರಿಗೆ ಮಾತಾಡುವ ರೀತಿ ಗೊತ್ತಿಲ್ಲ ಎಂದು ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ತೀರ್ಪು ಬೇರೆ. ತಮ್ಮ ಮಕ್ಕಳ ಪರವಾಗಿ ಮಾತಾಡಿ ಅನ್ನ ಕಳೆದುಕೊಂಡವರಿಗೆ ರೀತಿ ಹೇಳಿಕೊಡುವ ಮಹಾನುಭಾವರು ಇವರು.

ಆಮೇಲೆ ಭಾನುವಾರಗಳಲ್ಲಿ ನಾನು ಕುಕ್ ಟೌನಿನ ಅವರ ಒಂಟಿ ಕೋಣೆಗೇ ಹೋಗಿ ಕಲಿತೆ. ಸರ್ ಯಾರನ್ನೂ ಬೈಯಲಿಲ್ಲ. ನನಗೆ ಅದಕ್ಕೂ ಸಿಟ್ಟು. ಬಾಯಿಗೆ ಬಂದಂತೆ ನಾನು ಬೈಯಲು ಶುರು ಮಾಡಿದರೆ, "ಆಯ್ತಮ್ಮಾ, ಈಗ ಪುಟ ತೆಗೀರಿ" ಎನ್ನುತ್ತಿದ್ದರು. ಹೋದ ವರ್ಷ ಎದೆನೋವು ಬಂದು ಹಠಾತ್ತನೆ ತೀರಿಕೊಂಡರು.

ಕೆಲವು ವಾರಗಳ ನಂತರ ಶಾಲೆಯ ಗಾಜಿನ ಹಿಂದೆ ಮಾಲೀಕನ ಅದೇ ಪುಸ್ತಕದ ಹೊಸ ಮುದ್ರಣ ಕಂಡೆ. ಮುಖಪುಟದ ಮೇಲೆ ಸರ್ ಫೋಟೋ. 'ನಮ್ಮ ಪ್ರೀತಿಯ ಗುರುಗಳ ಮಾರ್ಗದರ್ಶನದಲ್ಲಿ' ಎಂದು ಕೆಳಗೆ ಬರೆದಿತ್ತು. ಒಳಗೆ ಹೋಗಿ ತೆರೆದು ನೋಡಿದೆ. ನಾಲ್ಕನೇ ಪುಟ ಹಾಗೇ ಇತ್ತು.

"ಟ್ರಿಬ್ಯೂಟ್ ಮೇಡಂ, ಸರ್‌ಗೆ ನಮ್ಮ ಶ್ರದ್ಧಾಂಜಲಿ" ಎಂದ ಮಾಲೀಕ.

ಸಿಟ್ಟು ಬಂದರೆ ನನ್ನ ಬಾಯಿಗೆ ಊರಿನ ಮಾತೇ ಬರುತ್ತದೆ. "ಸತ್ತವರ ಹೆಸರಿಲೆ ಸುಳ್ಳ ಹೇಳ್ಲಾಕ ನಾಚ್ಕಿ ಬರಂಗಿಲ್ಲೇನ್ರಿ ನಿಮಗ?" ಎಂದೆ.

ಕೌಂಟರಿನ ಬಳಿ ಒಬ್ಬ ತಾಯಿ ಅದೇ ಪುಸ್ತಕ ಹಿಡಿದು ನಿಂತಿದ್ದಳು. ಮುಖಪುಟದಲ್ಲಿರುವವರೇ ಇದನ್ನು ಬೇಡ ಎಂದಿದ್ದರು, ಆ ಮಾತಿಗೇ ಕೆಲಸ ಕಳೆದುಕೊಂಡರು ಎಂದು ಮಾಲೀಕನ ಎದುರೇ ಅವಳಿಗೆ ಹೇಳಿದೆ. ಅವಳು ಪುಸ್ತಕ ಕೆಳಗಿಟ್ಟಳು.

"ಹಾಗಾದ್ರೆ ಯಾವ್ದು ತಗೊಳ್ಳಿ ಅಂತಿದ್ರು ಅವರು?"

ಅವತ್ತು ತುಂಬಿದ ಸಭೆಯಲ್ಲಿ ಒಬ್ಬರೂ ಸರ್‌ಗೆ ಇದನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಎಷ್ಟು ಖುಷಿಯಿಂದ ಹೇಳುತ್ತಿದ್ದರು. ಅವರ ಬದಲು ನಾನು ಆ ತೆಳ್ಳನೆಯ ಪುಸ್ತಕದ ಹೆಸರು ಹೇಳಿದೆ.